ಜೋಸೆಫ್ ವಾಜ್
ಸಂತ ಜೋಸೆಫ್ ವಾಜ್ (21 ಏಪ್ರಿಲ್ 1651 – 16 ಜನವರಿ 1711) ಗೋವಾದ ಬೆನೌಲಿಮ್‌ನಲ್ಲಿ ಜನಿಸಿದ ಕ್ಯಾಥೋಲಿಕ್ ಧರ್ಮಗುರು. 1681ರಲ್ಲಿ ಇವರು ಕೆನರಾ ಮಿಷನ್ನಿನ ಮುಖ್ಯಸ್ಥರಾಗಿ ಕರಾವಳಿಗೆ ಬಂದರು. ಆಗ ಈ ಪ್ರದೇಶವು ಇಂದಿನ ಶಿವಮೊಗ್ಗ ಜಿಲ್ಲೆಯ ಬಿದನೂರನ್ನು ರಾಜಧಾನಿಯಾಗಿಸಿಕೊಂಡಿದ್ದ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು.

ಗೋವಾದ ಆರ್ಚ್‌ಬಿಷಪ್ ಹಾಗೂ ರೋಮ್ ನೇಮಿಸಿದ್ದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೋ ನಡುವಿನ ಅಧಿಕಾರ ವಿವಾದದಿಂದ ಇಲ್ಲಿನ ಕ್ರೈಸ್ತರು ಇಬ್ಭಾಗವಾಗಿದ್ದರು. ಯಾರಿಂದ ಸಂಸ್ಕಾರ ಪಡೆಯಬೇಕೆಂಬುದೇ ಸಾಮಾನ್ಯರಿಗೆ ತಿಳಿಯದಾಗಿತ್ತು. ಗೋವಾದ ಪ್ರತಿನಿಧಿಯಾಗಿದ್ದರೂ ವಾಜ್ ಕಲಹವನ್ನು ಬೆಳೆಸದೆ ಸಂಧಾನಕ್ಕೆ ಯತ್ನಿಸಿದರು. ಬಸರೂರು, ಗಂಗೊಳ್ಳಿ, ಮಂಗಳೂರುಗಳಲ್ಲಿ ಜನರ ನಡುವೆಯೇ ಸೇವೆ ಸಲ್ಲಿಸಿದರು. 1684ರಲ್ಲಿ ಗೋವಾಕ್ಕೆ ಮರಳಿದರು.

ಡಚ್ಚರ ನಿರ್ಬಂಧದಿಂದಾಗಿ ಸಿಲೋನಿನ ಕ್ಯಾಥೋಲಿಕರು ದಶಕಗಳಿಂದ ಗುರುಗಳಿಲ್ಲದೆ ಉಳಿದಿದ್ದರು. 1687ರಲ್ಲಿ ವಾಜ್ ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ಸೇರಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. ಅದೇ ನಗರದಲ್ಲಿ 1697ರಲ್ಲಿ ಸಿಡುಬು ಹರಡಿ, ರೋಗಿಗಳನ್ನು ಮನೆಯವರೇ ತೊರೆದಾಗ, ಮತಭೇದವೆಣಿಸದೆ ಅವರಿಗೆ ಆಶ್ರಯ ನೀಡಿ ಶುಶ್ರೂಷೆ ಮಾಡಿದರು, ಸತ್ತವರನ್ನು ಮಣ್ಣುಮಾಡಿದರು. ತಂದೆಯಂತಹ ಅವರ ಪಾಲನೆಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಮತ್ತೊಂದಿಲ್ಲ. ನಿಧನರಾದದ್ದೂ ಕ್ಯಾಂಡಿಯಲ್ಲೇ.

ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಇವರನ್ನು ಸಂತರೆಂದು ಘೋಷಿಸಿದರು. ಮಂಗಳೂರು ಸಮೀಪದ ಮುಡಿಪುವಿನಲ್ಲಿ ಇವರ ಹೆಸರಿನ ಪುಣ್ಯಕ್ಷೇತ್ರವಿದೆ.