ರೇಡಿಯೇಟರ್‌ಗೆ ಬರೀ ನೀರು ಸಾಕೇ? ಬರ್ತಾ ಬೆಂಜ್ ಬದುಕಿನಲ್ಲಿದೆ ಉತ್ತರ

ಹಳೇ ಕಾರಿಗೆ ಕೂಲಂಟ್ ದಂಡ, ನಲ್ಲಿ ನೀರು ಹಾಕಿದರೆ ಸಾಕು ಎಂಬ ಸಲಹೆ ನೀವೂ ಕೇಳಿರುತ್ತೀರಿ. ಯಲಹಂಕ, ಆರ್‌.ಟಿ. ನಗರ, ಯಶವಂತಪುರದ ಕಡೆ ಇನ್ನೂ ಮಾರುತಿ 800, ಸ್ಯಾಂಟ್ರೋ ಓಡಿಸುತ್ತಿರುವವರಿಗಂತೂ ಇದು ಚಿರಪರಿಚಿತ. ಇದಕ್ಕೆ ಎರಡು ಸಮರ್ಥನೆ ಕೊಡುತ್ತಾರೆ. ಒಂದು, ಬೆಂಗಳೂರಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಎರಡು, ಪ್ರಪಂಚದ ಮೊದಲ ಕಾರೇ ಬಾವಿ ನೀರು ಕುಡಿದು ಓಡಿತ್ತು.

ಎರಡೂ ಮಾತು ನಿಜ. ಆದರೆ ಅದರಿಂದ ಬರುವ ತೀರ್ಮಾನ ತಪ್ಪು. ಯಾಕೆ ಎಂದು ತಿಳಿಯಬೇಕಾದರೆ ಆ ಕಾರಿಗೆ ದಾರಿಯುದ್ದಕ್ಕೂ ನೀರು ಹಾಕಿಕೊಂಡು ಹೋದ ಮಹಿಳೆಯ ಕಥೆ ತಿಳಿಯಬೇಕು. ಅವರ ಹೆಸರು ಬರ್ತಾ ಬೆಂಜ್.

ವರದಕ್ಷಿಣೆಯ ಹಣದಿಂದ ಕಾರ್ಖಾನೆ

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಊರಿನಲ್ಲಿ. ತಂದೆ ಮರಗೆಲಸದಿಂದ ಮೇಲೆ ಬಂದು ಕಟ್ಟಡ ಕಟ್ಟಿಸುವ ಕೆಲಸದಲ್ಲಿ ಹಣ ಮಾಡಿದ್ದವರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು. ಯಂತ್ರಗಳ ಮೇಲಿನ ಆಸಕ್ತಿಯನ್ನು ಬರ್ತಾ ಓದಾಗಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಆಗ ಪರಿಚಯವಾದವರು ಕಾರ್ಲ್ ಬೆಂಜ್. ಕೈಯಲ್ಲಿ ಕಸುಬಿತ್ತು, ಜೇಬಿನಲ್ಲಿ ಕಾಸಿರಲಿಲ್ಲ. ಅವರ ವರ್ಕ್‌ಶಾಪ್‌ನ ಪಾಲುದಾರ ನಂಬಿಕೆಗೆ ಅರ್ಹನಲ್ಲ ಎಂದಾದಾಗ, ಬರ್ತಾ ಮದುವೆಗೂ ಮೊದಲೇ ತಮಗೆ ಬರಬೇಕಿದ್ದ ವರದಕ್ಷಿಣೆಯ ಹಣವನ್ನು ಪಡೆದು ಆ ಪಾಲನ್ನು ಕೊಳ್ಳಲು ಕೊಟ್ಟರು. ಇಬ್ಬರ ಮದುವೆ ಆದದ್ದು 1872ರ ಜುಲೈನಲ್ಲಿ.

ಮುಂದಿನ ವರ್ಷಗಳು ಸಾಲ, ಜಪ್ತಿಯ ಭಯ, ಬೆಳೆಯುತ್ತಿದ್ದ ಸಂಸಾರದ ನಡುವೆ ಕಳೆದವು. 1879ರ ಕೊನೆಯ ರಾತ್ರಿ ಕಾರ್ಲ್ ಅವರ ಎರಡು ಸ್ಟ್ರೋಕ್ ಎಂಜಿನ್ ಕೊನೆಗೂ ಚಾಲೂ ಆಯಿತು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹೋಯಿತು. ಪೇಟೆಂಟ್ ಏನೋ ಸಿಕ್ಕಿತು, ಕೊಳ್ಳುವವರು ಸಿಗಲಿಲ್ಲ. ಕುದುರೆ ಇಲ್ಲದ ಗಾಡಿಯನ್ನು ನಂಬಿ ದೂರ ಹೋಗಬಹುದು ಎಂದು ಯಾರಿಗೂ ಅನ್ನಿಸಲಿಲ್ಲ.

106 ಕಿ.ಮೀ. ಪ್ರಯಾಣ

1888ರ ಆಗಸ್ಟ್. ಬೆಳಗ್ಗೆ ಬೇಗನೆ, ಗಂಡನಿಗೆ ಹೇಳದೆ, ಬರ್ತಾ ಗಾಡಿಯನ್ನು ಹೊರಗೆ ತೆಗೆದರು. ಜೊತೆಗೆ 15 ವರ್ಷದ ಓಯ್ಗನ್, 13 ವರ್ಷದ ರಿಚರ್ಡ್. ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ದಾರಿ ಸುಮಾರು 106 ಕಿ.ಮೀ. ಅಂದರೆ ಹೆಬ್ಬಾಳದಿಂದ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದಷ್ಟು, ಹೆಚ್ಚುಕಡಿಮೆ. ಅಷ್ಟು ದೂರ ಅದುವರೆಗೆ ಯಾರೂ ಮೋಟಾರು ಗಾಡಿ ಓಡಿಸಿರಲಿಲ್ಲ.

ಪೆಟ್ರೋಲ್ ಬಂಕ್ ಎಂಬುದು ಇಲ್ಲದ ಕಾಲ. ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಕವನ್ನೇ ಇಂಧನವಾಗಿ ಕೊಂಡರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು ಎಂದು ಕುಟುಂಬದವರು ಹೇಳಿಕೊಂಡು ಬಂದಿದ್ದಾರೆ. ಮರದ ಬ್ರೇಕ್ ಸವೆದಾಗ ದಾರಿಯ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದರು. ಏರು ಬಂದಾಗ ಇಳಿದು ತಳ್ಳಿದರು. ಸಂಜೆ ಊರು ಮುಟ್ಟಿ ಗಂಡನಿಗೆ ತಂತಿ ಕಳಿಸಿದರು.

ಆ ದಿನ ಅವರನ್ನು ಹೆಚ್ಚು ಕಾಡಿದ ಕೆಲಸಗಳಲ್ಲಿ ಒಂದು ನೀರು ಹುಡುಕುವುದು. ಬಾವಿ, ಹಳ್ಳ, ಹೋಟೆಲು, ಎಲ್ಲಿ ಸಿಕ್ಕರೆ ಅಲ್ಲಿ ನಿಲ್ಲಿಸಿ ಮತ್ತೆ ಮತ್ತೆ ತುಂಬಬೇಕಾಯಿತು.

ಆ ನೀರು ಎಲ್ಲಿ ಹೋಗುತ್ತಿತ್ತು?

ಆವಿಯಾಗಿ ಗಾಳಿಗೆ ಹೋಗುತ್ತಿತ್ತು. ಬರ್ತಾ ಓಡಿಸಿದ ಗಾಡಿಯಲ್ಲಿ ಇಂದಿನಂಥ ರೇಡಿಯೇಟರ್ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು ನಿಂತಿರುತ್ತಿತ್ತು, ಕಾಯುತ್ತಿತ್ತು, ಕುದಿಯುತ್ತಿತ್ತು. ಒಂದು ಲೀಟರ್ ನೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ 6 ಪಟ್ಟಿಗೂ ಹೆಚ್ಚು ಶಾಖವನ್ನು ಅದೇ ನೀರು ಪೂರ್ತಿ ಆವಿಯಾಗುವಾಗ ಹೀರಿಕೊಳ್ಳುತ್ತದೆ. ಕೆಲವೇ ಅಶ್ವಶಕ್ತಿಯ ಆ ಪುಟ್ಟ ಎಂಜಿನ್‌ಗೆ ಇಷ್ಟು ಸಾಕಿತ್ತು. ಅಲ್ಲಿ ನೀರು ಖರ್ಚಾಗುವ ವಸ್ತು, ಪೆಟ್ರೋಲಿನ ಹಾಗೆ.

ನಮ್ಮ ಕಾರಿನಲ್ಲಿ ಹಾಗಲ್ಲ. 1900ರ ಹೊತ್ತಿಗೆ ವಿಲ್‌ಹೆಲ್ಮ್ ಮೈಬಾಖ್ ಜೇನುಗೂಡಿನಂಥ ರೇಡಿಯೇಟರ್ ರೂಪಿಸಿದ ಮೇಲೆ ಅದೇ ದ್ರವ ತಿರುಗಿ ತಿರುಗಿ ಕೆಲಸ ಮಾಡುವ ಪದ್ಧತಿ ನೆಲೆಯೂರಿತು. ಇಂದಿನ ಕಾರಿನ ಕೂಲಿಂಗ್ ವ್ಯವಸ್ಥೆ ಮುಚ್ಚಿದ ಪ್ರೆಶರ್ ಕುಕ್ಕರ್ ಇದ್ದಂತೆ. ಸಣ್ಣ ಕೊಳವೆಗಳು, ಪಂಪು, ಥರ್ಮೋಸ್ಟಾಟ್, ಅಲ್ಯೂಮಿನಿಯಂ ಭಾಗಗಳು ವರ್ಷಗಟ್ಟಲೆ ಅದೇ ದ್ರವದಲ್ಲಿ ಮುಳುಗಿರುತ್ತವೆ.

ಇಲ್ಲಿ ನಲ್ಲಿ ಅಥವಾ ಬೋರ್‌ವೆಲ್ ನೀರು ಹಾಕಿದರೆ ಮೂರು ತೊಂದರೆ. ಮೊದಲನೆಯದು ಗಡಸು ನೀರಿನ ಲವಣ. ಬಕೆಟ್ಟಿನ ಅಂಚಿಗೆ, ಗೀಸರ್ ಕಾಯಿಲ್‌ಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಕೊಳವೆಯೊಳಗೂ ಕಟ್ಟುತ್ತದೆ. ಎರಡನೆಯದು ತುಕ್ಕು. ಮೂರನೆಯದು ಕುದಿಯುವ ಬಿಂದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮುಚ್ಚಳದ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ, ಕೂಲಂಟ್‌ನಲ್ಲಿರುವ ಗ್ಲೈಕಾಲ್ ಇನ್ನಷ್ಟು ಮೇಲಕ್ಕೆ ಒಯ್ಯುತ್ತದೆ. ಹೆಬ್ಬಾಳ ಫ್ಲೈಓವರ್ ಮೇಲೆ ಗಾಳಿಯಾಡದೆ ನಿಂತಾಗಲೂ, ನಂದಿ ಬೆಟ್ಟ ಹತ್ತುವಾಗಲೂ ಈ ವ್ಯತ್ಯಾಸವೇ ಎಂಜಿನ್ ಉಳಿಸುವುದು. ಹಾಗಾಗಿ ಚಳಿ ಇಲ್ಲದ ಊರಿಗೂ ಕೂಲಂಟ್ ಬೇಕು.

ಮನೆಯಲ್ಲೇ ಬದಲಿಸುವುದಾದರೆ

ಎಷ್ಟು ಲೀಟರ್, ಎಷ್ಟು ವರ್ಷಕ್ಕೊಮ್ಮೆ, ಯಾವ ಬಗೆ ಎಂಬುದನ್ನು ಕಾರಿನ ಮ್ಯಾನುಯಲ್‌ನಲ್ಲಿ ನೋಡಿ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು ಎಲ್ಲ ಬೆರೆಸಿದ ಬಣ್ಣ ಅಷ್ಟೇ, ಅದು ಗುಣದ ಗುರುತಲ್ಲ.

1. ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯುವುದು ವಿಸಿಲ್ ಇಳಿಯದ ಕುಕ್ಕರ್ ತೆಗೆದಂತೆ, ಮುಖ ಮತ್ತು ಕೈ ಸುಡುತ್ತದೆ.

2. ಕೆಳಗೆ ಟಬ್ ಇಟ್ಟು ಡ್ರೈನ್ ಪ್ಲಗ್ ತೆಗೆಯಿರಿ. ಪ್ಲಗ್ ಇಲ್ಲದಿದ್ದರೆ ಕೆಳಗಿನ ಹೋಸ್‌ನ ಕ್ಲಿಪ್ ಬಿಡಿಸಿ. ರಿಸರ್ವ್ ಬಾಟಲಿಯನ್ನೂ ಖಾಲಿ ಮಾಡಿ.

3. ಪ್ಲಗ್ ಹಾಕಿ ಡಿಸ್ಟಿಲ್ಡ್ ವಾಟರ್ ತುಂಬಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ಹಾಕಿ, ಫ್ಯಾನ್ ಒಮ್ಮೆ ತಿರುಗುವವರೆಗೆ ಎಂಜಿನ್ ಓಡಿಸಿ. ಪೂರ್ತಿ ತಣ್ಣಗಾದ ಮೇಲೆ ಆ ನೀರನ್ನೂ ತೆಗೆಯಿರಿ. ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ.

4. ಹೊಸ ಕೂಲಂಟ್ ನಿಧಾನವಾಗಿ ತುಂಬಿ. ರೆಡಿಮಿಕ್ಸ್ ಆಗಿದ್ದರೆ ನೀರು ಸೇರಿಸಬೇಡಿ. ಕಾನ್ಸನ್‌ಟ್ರೇಟ್ ಆಗಿದ್ದರೆ ಡಬ್ಬಿಯ ಮೇಲಿನ ಅಳತೆಯಂತೆ, ಸಾಮಾನ್ಯವಾಗಿ ಅರ್ಧಕ್ಕರ್ಧ, ಡಿಸ್ಟಿಲ್ಡ್ ವಾಟರ್ ಬೆರೆಸಿ.

5. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಮ್ಯಾನುಯಲ್ ಹೇಳಿದ ರೀತಿಯಲ್ಲಿ ಹೊರಗೆ ಬಿಡಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಮರುದಿನ ಎಂಜಿನ್ ತಣ್ಣಗಿರುವಾಗ ಬಾಟಲಿಯ ಮಟ್ಟವನ್ನು ಮತ್ತೆ ನೋಡಿ.

ತುಂಬಾ ಮುಖ್ಯವಾದ ಎಚ್ಚರಿಕೆ: ಬಹುತೇಕ ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಸ್ವಲ್ಪವೇ ಒಳಗೆ ಹೋದರೂ ಕಿಡ್ನಿ ಕೆಡುತ್ತದೆ, ಪ್ರಾಣವೂ ಹೋಗಬಹುದು. ಮಕ್ಕಳು, ಬೀದಿನಾಯಿಗಳು, ಬೆಕ್ಕುಗಳು ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕುವ ಅಪಾಯವಿದೆ. ಕುಡಿಯುವ ನೀರಿನ ಬಾಟಲಿಯಲ್ಲಿ ಇದನ್ನು ಎಂದೂ ತುಂಬಿಡಬೇಡಿ. ಯಾರಾದರೂ ಕುಡಿದರೆಂದು ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತೆಗೆದ ಹಳೇ ದ್ರವವನ್ನು ಮೋರಿಗೆ ಸುರಿಯಬೇಡಿ, ರಾಜಕಾಲುವೆ ಸೇರಿದ್ದು ಕೆರೆ ಸೇರುತ್ತದೆ. ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಅದನ್ನು ಸರಿಯಾಗಿ ವಿಲೇವಾರಿ ಮಾಡುವ ವರ್ಕ್‌ಶಾಪ್‌ಗೆ ಕೊಡಿ.

ದಾರಿ ಮಧ್ಯೆ ಬೇರೇನೂ ಸಿಗದಿದ್ದರೆ? ಎಂಜಿನ್ ತಣ್ಣಗಾದ ಮೇಲೆ ಶುದ್ಧ ಕುಡಿಯುವ ನೀರು ಹಾಕಿ ಗ್ಯಾರೇಜ್ ಮುಟ್ಟಬಹುದು. ಆಮೇಲೆ ಅದನ್ನು ತೆಗೆದು ಕೂಲಂಟ್ ತುಂಬಿಸಲೇಬೇಕು.

ಕೊನೆಯ ದಿನಗಳು

ಬರ್ತಾ ಆ ಪ್ರಯಾಣದಿಂದ ಬರೀ ಪ್ರಚಾರ ತರಲಿಲ್ಲ, ದೋಷಗಳ ಪಟ್ಟಿಯನ್ನೂ ತಂದರು. ಏರು ಹತ್ತಲು ಇನ್ನೊಂದು ಗೇರ್ ಬಂದದ್ದು ಅದರಿಂದಲೇ. ಗಾಡಿಯನ್ನು ನಂಬಬಹುದು ಎಂದು ಜನರಿಗೂ ಅನ್ನಿಸತೊಡಗಿತು. ಕಾರ್ಲ್ 1929ರಲ್ಲಿ ತೀರಿಕೊಂಡರು. 1944ರ ಮೇ 3ರಂದು, 95ನೇ ಹುಟ್ಟುಹಬ್ಬದ ದಿನ, ಕಾರ್ಲ್ ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಬರ್ತಾರನ್ನು ಗೌರವ ಸೆನೆಟರ್ ಮಾಡಿತು. ಎರಡು ದಿನಗಳ ನಂತರ ಲಾಡೆನ್‌ಬುರ್ಗ್‌ನ ಮನೆಯಲ್ಲಿ ಅವರು ಕಣ್ಣು ಮುಚ್ಚಿದರು.

ಒಟ್ಟಿನಲ್ಲಿ, ಮೊದಲ ಕಾರು ಬಾವಿ ನೀರಿನಲ್ಲಿ ಓಡಿದ್ದು ನಿಜ, ನಮ್ಮ ಕಾರಿಗೂ ಅದೇ ಸಾಕು ಎಂಬುದು ಸುಳ್ಳು. ಬರ್ತಾ ನೀರು ಹಾಕಿದ್ದು ಬೇರೆ ದಾರಿ ಇರಲಿಲ್ಲ ಎಂದು. ನಮಗೆ ಇದೆ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಳೇ ಕಾರಿನವರು ಯಾರಾದರೂ ಇದ್ದರೆ ಇದನ್ನು ಕಳಿಸಿ, ವಿಷದ ಎಚ್ಚರಿಕೆಯನ್ನಂತೂ ಎಲ್ಲರಿಗೂ ಕಳಿಸಿ.