ಹಾಸ್ಟೆಲಿನಲ್ಲೇ ಉಳಿದ ಮೇಷ್ಟ್ರು

ಮಕ್ಕಳೇ, ಬೆಂಗಳೂರಿನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ‘ನ್ಯಾಷನಲ್ ಕಾಲೇಜು’ ಎಂಬ ನಿಲ್ದಾಣ ಬರುತ್ತದೆ. ಅಜ್ಜಿ ಮನೆ ಬಸವನಗುಡಿಯಲ್ಲೋ ಜಯನಗರದಲ್ಲೋ ಇರುವವರು ಆ ಹೆಸರನ್ನು ಎಷ್ಟೋ ಸಲ ಕೇಳಿರುತ್ತೀರಿ. ಆ ಕಾಲೇಜಿಗೂ, ಅದಕ್ಕಿಂತ ಮೊದಲೇ ಹುಟ್ಟಿದ ನ್ಯಾಷನಲ್ ಹೈಸ್ಕೂಲಿಗೂ ಸೇರಿದ ಒಬ್ಬ ಮೇಷ್ಟ್ರ ಕಥೆಯನ್ನು ಈ ಸಲದ ಸಂಚಿಕೆಯಲ್ಲಿ ನಿಮಗೆ ಹೇಳಬೇಕು. ಅವರು ಡಾ. ಎಚ್. ನರಸಿಂಹಯ್ಯ. ಊರೆಲ್ಲ ‘ಎಚ್ಚೆನ್’ ಎಂದೇ ಕರೆಯುತ್ತಿತ್ತು. ಹುಡುಗರಾಗಿದ್ದಾಗ ಈ ಶಾಲೆಯ ಬಾಗಿಲಿಗೆ ಬಂದವರು 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಅದರ ನಂಟು ಬಿಡಲಿಲ್ಲ.

ಮೊದಲು ಶಾಲೆಯ ವಿಷಯ. ನ್ಯಾಷನಲ್ ಹೈಸ್ಕೂಲ್ ಶುರುವಾದದ್ದು 1917ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಒಡೆಯರ ಆಳ್ವಿಕೆ, ದೇಶದ ಮೇಲೆ ಬ್ರಿಟಿಷರ ಹಿಡಿತ ಇದ್ದ ಕಾಲ. ನಮ್ಮ ಮಕ್ಕಳಿಗೆ ನಮ್ಮ ದೇಶದ ಶಿಕ್ಷಣ ಬೇಕೆಂದು ಸ್ವಾತಂತ್ರ್ಯ ಹೋರಾಟಗಾರ್ತಿ ಆನಿ ಬೆಸೆಂಟ್ ಎತ್ತಿದ ದನಿಯಿಂದ ಹುಟ್ಟಿದ ಶಾಲೆ ಇದು. ಸರ್ಕಾರದ್ದಲ್ಲ, ಖಾಸಗಿಯದು. ಖಾಸಗಿ ಶಾಲೆ ಅಂದಕೂಡಲೇ ನಿಮಗೆ ದೊಡ್ಡ ಗೇಟು, ದುಬಾರಿ ಫೀಸು ನೆನಪಾಗಬಹುದು. ಅಂದಿನ ನಮ್ಮ ಊರುಗಳಲ್ಲಿ ಖಾಸಗಿ ಶಾಲೆಗಳ ರೀತಿಯೇ ಬೇರೆ. ನಾಲ್ಕು ಜನ ಸೇರಿ ಒಂದು ಸಂಸ್ಥೆ ಕಟ್ಟುವುದು, ಮನೆಮನೆಗೆ ಹೋಗಿ ಚಂದಾ ಎತ್ತುವುದು, ಕಡಿಮೆ ಸಂಬಳಕ್ಕೆ ಒಪ್ಪಿ ಪಾಠ ಹೇಳುವ ಮೇಷ್ಟ್ರನ್ನು ಹುಡುಕಿ ತರುವುದು. ಬೆಂಗಳೂರು, ಮೈಸೂರು, ಧಾರವಾಡ, ಬೆಳಗಾವಿಗಳಲ್ಲಿ ಎಷ್ಟೋ ಒಳ್ಳೆಯ ಶಾಲೆಗಳು ನಿಂತದ್ದೇ ಹೀಗೆ. ಊರವರ ದುಡ್ಡು ಬಿದ್ದ ಮೇಲೆ ಅದು ಊರವರ ಶಾಲೆಯೇ ಆಗುತ್ತಿತ್ತು.

ಎಚ್ಚೆನ್ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತಮಿಳುನಾಡಿನ ಗಡಿಯಲ್ಲಿರುವ ಹೊಸೂರು ಬೇರೆ, ಇದು ಬೇರೆ. ಇದು ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕ ಹಳ್ಳಿ, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಮನೆಯಲ್ಲಿ ಬಡತನ. ಗೌರಿಬಿದನೂರಿನಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದ ಹುಡುಗನಿಗೆ ಮುಂದೆ ಓದಲು ಅಲ್ಲಿ ಹೈಸ್ಕೂಲೇ ಇರಲಿಲ್ಲ. ಅಂಥ ನೂರಾರು ಹುಡುಗರ ಓದು ಅಲ್ಲಿಗೇ ನಿಂತುಹೋಗುತ್ತಿತ್ತು.

ಇವರ ಓದು ನಿಲ್ಲಲಿಲ್ಲ, ಏಕೆಂದರೆ ಒಬ್ಬ ಮೇಷ್ಟ್ರು ಇವರನ್ನು ಮರೆತಿರಲಿಲ್ಲ. ಗೌರಿಬಿದನೂರಿನಲ್ಲಿ ಇವರಿಗೆ ಪಾಠ ಹೇಳಿದ್ದ ಎಂ.ಎಸ್. ನಾರಾಯಣರಾಯರು ಮುಂದೆ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರು ಹುಡುಗನಿಗೆ ಬೆಂಗಳೂರಿಗೆ ಬಾ, ಇಲ್ಲಿ ಸೇರು ಎಂದರು. ಅದು 1935. ರೈಲಿಗೆ ಕೊಡಲು ಕೈಯಲ್ಲಿ ದುಡ್ಡಿಲ್ಲ. ನರಸಿಂಹಯ್ಯ ನಡೆದೇ ಹೊರಟರು. ಗೌರಿಬಿದನೂರಿನಿಂದ ಬೆಂಗಳೂರಿಗೆ 80 ಕಿಲೋಮೀಟರಿನಷ್ಟು ದಾರಿ, ಅಂದರೆ ಅಮೆರಿಕದ ನಿಮ್ಮ ಲೆಕ್ಕದಲ್ಲಿ 50 ಮೈಲಿ. ಎರಡು ದಿನ ನಡೆದು ಬಸವನಗುಡಿ ಮುಟ್ಟಿದರು.

ಆ ನಡಿಗೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹುಡುಗನ ಗಟ್ಟಿತನ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಕಥೆ ಓದುವಾಗಲೆಲ್ಲ ನನಗೆ ನೆನಪಾಗುವವರು ನಾರಾಯಣರಾಯರು. ಊರು ಬದಲಾಯಿತು, ಶಾಲೆ ಬದಲಾಯಿತು, ಎದುರಿಗೆ ಹೊಸ ಮಕ್ಕಳು ಕೂತರು. ಆದರೂ ಹಿಂದೆ ಬಿಟ್ಟುಬಂದ ಊರಿನ ಒಬ್ಬ ಹುಡುಗ ಏನು ಮಾಡುತ್ತಿದ್ದಾನೆ ಎಂಬ ಚಿಂತೆ ಅವರಿಗಿತ್ತು. ಅವರು ಕರೆಯದಿದ್ದರೆ ಆ ಕಾಲುಗಳು ಯಾವ ದಾರಿ ಹಿಡಿಯಬೇಕಿತ್ತು?

ಬೆಂಗಳೂರಿಗೆ ಬಂದ ಹುಡುಗನಿಗೆ ಶಾಲೆ ಸಿಕ್ಕಿತು ಅಂದಮಾತ್ರಕ್ಕೆ ಆಗಲಿಲ್ಲ. ಮಲಗಲು ಜಾಗ ಬೇಕು, ಎರಡು ಹೊತ್ತು ಊಟ ಬೇಕು. ಬಡ ಹುಡುಗರಿಗಾಗಿ ನಡೆಸುತ್ತಿದ್ದ ವಸತಿ ನಿಲಯವೊಂದರಲ್ಲಿ ಅವರಿಗೆ ಜಾಗ ಸಿಕ್ಕಿತು. ಅಂಥ ನಿಲಯ ಸಿಗದವರಿಗೆ ಆಗ ‘ವಾರಾನ್ನ’ ಎಂಬ ಪದ್ಧತಿ ಇತ್ತು. ನಿಮ್ಮ ಮುತ್ತಜ್ಜನ ಕಾಲದವರನ್ನು ಕೇಳಿದರೆ ಗೊತ್ತಿರುತ್ತದೆ. ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ ಊಟ ಮಾಡುತ್ತಿದ್ದ, ಮಂಗಳವಾರ ಇನ್ನೊಂದು ಮನೆ, ಬುಧವಾರ ಮತ್ತೊಂದು. ವಾರದ ಏಳು ದಿನಕ್ಕೂ ಮನೆ ಸಿಕ್ಕಿದವನು ಅದೃಷ್ಟವಂತ. ಐದೇ ಮನೆ ಸಿಕ್ಕವನು ಉಳಿದೆರಡು ದಿನ ನೀರು ಕುಡಿದು ಮಲಗುತ್ತಿದ್ದ. ಇದರಲ್ಲೊಂದು ದೊಡ್ಡ ಕೊರತೆಯೂ ಇತ್ತು, ಅದನ್ನೂ ನೀವು ತಿಳಿದಿರಬೇಕು. ಹೆಚ್ಚಿನ ಮನೆಗಳ ಬಾಗಿಲು ತೆರೆಯುತ್ತಿದ್ದದ್ದು ತಮ್ಮ ಜಾತಿಯ ಹುಡುಗರಿಗೆ ಮಾತ್ರ. ಉಳಿದವರಿಗೆ ಆ ಅನ್ನವೂ ಇರಲಿಲ್ಲ. ಹಾಗಾಗಿಯೇ ಮಠಗಳು, ಸಂಘಗಳು, ಕೆಲವು ಉದಾರಿಗಳು ಉಚಿತ ಹಾಸ್ಟೆಲುಗಳನ್ನು ಕಟ್ಟಿದರು. ಕರ್ನಾಟಕದಲ್ಲಿ ಹಳ್ಳಿಯ ಮಕ್ಕಳು ಓದಿ ಮುಂದೆ ಬಂದ ಕಥೆ ಬರೆಯುವವರು ಈ ಹಾಸ್ಟೆಲುಗಳಿಂದಲೇ ಶುರು ಮಾಡಬೇಕು ಎಂದು ನಾನು ನಂಬಿದ್ದೇನೆ. ಒಂದೇ ಸಾಲಿನಲ್ಲಿ ಕೂತು ಉಂಡ ಹುಡುಗರ ಸ್ನೇಹ ಪರೀಕ್ಷೆ ಮುಗಿದ ಮೇಲೂ ಉಳಿಯುತ್ತದೆ.

ನ್ಯಾಷನಲ್ ಹೈಸ್ಕೂಲಿನಲ್ಲಿ ಸ್ವಾತಂತ್ರ್ಯ ಚಳವಳಿಯ ಗಾಳಿ ಜೋರಾಗಿತ್ತು. ಎಚ್ಚೆನ್ ಅಲ್ಲಿ ಹಿಂದಿ ಕಲಿತರು. 1936ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡದಲ್ಲಿ ಹೇಳುವ ಅವಕಾಶ ಇವರ ಪಾಲಿಗೆ ಬಂತು. ಹಿಂದಿನ ವರ್ಷವಷ್ಟೇ ಹಳ್ಳಿಯಿಂದ ನಡೆದು ಬಂದಿದ್ದ ಹುಡುಗ ಈಗ ಗಾಂಧೀಜಿಯ ಪಕ್ಕದಲ್ಲಿ ನಿಂತಿದ್ದ! ಹುಡುಗ ಬಡವನೋ ಸಿರಿವಂತನೋ ಎಂದು ನೋಡದೆ ಬಲ್ಲವನನ್ನು ಮುಂದೆ ನಿಲ್ಲಿಸಿದ ಆ ಮೇಷ್ಟ್ರುಗಳು ದೊಡ್ಡವರು. ಎಚ್ಚೆನ್ ಬದುಕಿನುದ್ದಕ್ಕೂ ಖಾದಿ ಬಟ್ಟೆ, ಗಾಂಧಿ ಟೋಪಿ ಬಿಡಲಿಲ್ಲ. 1942ರಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ, ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲಿಗೆ ಹೋದರು. ಹೊರಬಂದು ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಮೇಷ್ಟ್ರಾಗಿ ಸೇರಿದರು.

ಅಮೆರಿಕದಲ್ಲಿರುವ ಮಕ್ಕಳೇ, ಇನ್ನು ಮುಂದಿನದು ನಿಮಗೆ ಹತ್ತಿರದ ಕಥೆ. ಎಚ್ಚೆನ್ ಕೊಲಂಬಸ್ ನಗರದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದು ಪರಮಾಣು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಪಿಎಚ್.ಡಿ. ಪಡೆದರು. ಆ ಕಾಲಕ್ಕೆ ಅಂಥ ಪದವಿ ಇದ್ದವರಿಗೆ ಅಮೆರಿಕದಲ್ಲೇ ಒಳ್ಳೆಯ ಕೆಲಸ ಹುಡುಕಿಕೊಳ್ಳುವುದು ಕಷ್ಟವಾಗಿರಲಿಲ್ಲ. ಎಚ್ಚೆನ್ ಬಸವನಗುಡಿಗೆ ವಾಪಸಾದರು. ಅದೇ ಕಾಲೇಜು, ಅದೇ ಹುಡುಗರು, ವಾಸಕ್ಕೆ ಹಾಸ್ಟೆಲಿನದೇ ಒಂದು ಪುಟ್ಟ ಕೋಣೆ. ಪ್ರಾಂಶುಪಾಲರಾದಾಗಲೂ ಅಲ್ಲಿಯೇ ಇದ್ದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆಗಲೂ ಬಂಗಲೆ ಬೇಡವೆಂದು ಹಾಸ್ಟೆಲ್ ಕೋಣೆಯಲ್ಲೇ ಉಳಿದರು. 1984ರಲ್ಲಿ ಪದ್ಮಭೂಷಣ ಬಂತು, ವಿಳಾಸ ಬದಲಾಗಲಿಲ್ಲ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವಿದ್ಯಾರ್ಥಿಗಳ ನಡುವೆಯೇ ಬದುಕಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮಲ್ಲಿ ಶಾಲೆ ಬದಲಿಸಿದವರೂ ಇದ್ದೀರಿ. ಅಪ್ಪ ಅಮ್ಮನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತೆಂದು ಗೆಳೆಯರನ್ನು ಬಿಟ್ಟು ಬಂದ ನೋವು ನಿಮ್ಮಲ್ಲಿ ಹಲವರಿಗೆ ಗೊತ್ತು. ಹಳೆಯ ಶಾಲೆಗೆ ಯಾವಾಗಲಾದರೂ ಮತ್ತೆ ಹೋದರೆ ಗೋಡೆ ಇರುತ್ತದೆ, ಮೈದಾನ ಇರುತ್ತದೆ, ಗುರುತು ಹಿಡಿಯುವವರು ಇರುವುದಿಲ್ಲ. ನ್ಯಾಷನಲ್ ಕಾಲೇಜಿನಲ್ಲಿ ಓದಿದವರಿಗೆ ಗುರುತು ಹಿಡಿಯುವವರೊಬ್ಬರು ಇರುವ ಭಾಗ್ಯ ಇತ್ತು. ಇಪ್ಪತ್ತು ವರ್ಷ ಬಿಟ್ಟು ಬಂದರೂ ಮೇಷ್ಟ್ರು ಅಲ್ಲೇ ಸಿಗುತ್ತಿದ್ದರು. ಶಾಲೆಯ ಸ್ನೇಹಗಳು ಬಾಳುವುದಕ್ಕೆ ಎಲ್ಲರೂ ಅಲ್ಲೇ ಇರಬೇಕಿಲ್ಲ, ಯಾರಾದರೂ ಒಬ್ಬರು ಇದ್ದರೆ ಚದುರಿದವರಿಗೆ ಮತ್ತೆ ಸೇರಲು ಒಂದು ಜಾಗ ಉಳಿಯುತ್ತದೆ.

ಅವರು ಬರೀ ಅಲ್ಲಿದ್ದರು ಅಷ್ಟೇ ಅಲ್ಲ, ಜನ ಬರುವಂತೆ ಮಾಡಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ದೊಡ್ಡ ವಿಜ್ಞಾನಿಗಳು ಬಂದು ಸಾಮಾನ್ಯ ಜನರೆದುರು ಮಾತಾಡುವ ವೇದಿಕೆ ಅದು. ವಿದ್ಯಾರ್ಥಿಗಳಷ್ಟೇ ಬರಬೇಕೆಂಬ ಕಟ್ಟುಪಾಡಿಲ್ಲ. ಬಡಾವಣೆಯ ನಿವೃತ್ತ ಗುಮಾಸ್ತರು, ಅಂಗಡಿಯವರು, ಗೃಹಿಣಿಯರು, ಯಾರು ಬೇಕಾದರೂ ಬಂದು ಕೂರಬಹುದು, ಕೊನೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಬಹುದು. ಪ್ರಶ್ನೆ ಕೇಳುವುದೆಂದರೆ ಎಚ್ಚೆನ್‌ಗೆ ಪ್ರಾಣ. ಯಾರೇ ಹೇಳಲಿ, ಎಷ್ಟೇ ದೊಡ್ಡವರು ಹೇಳಲಿ, ಯೋಚಿಸದೆ ಒಪ್ಪಬಾರದೆಂದು ಮಕ್ಕಳಿಗೆ ಕಲಿಸಿದರು. ಪವಾಡಗಳನ್ನು ಪರೀಕ್ಷೆಗೆ ಒಡ್ಡಬೇಕೆಂದು ಕುಲಪತಿಯಾಗಿದ್ದಾಗ ಒಂದು ಸಮಿತಿಯನ್ನೇ ಮಾಡಿ ಎಷ್ಟೋ ಜನರ ಕೋಪ ಕಟ್ಟಿಕೊಂಡರು. ಸಂಗೀತ, ನೃತ್ಯ, ನಾಟಕಗಳಿಗಾಗಿ ಬೆಂಗಳೂರು ಲಲಿತಕಲಾ ಪರಿಷತ್ತು ಕಟ್ಟಿದವರೂ ಇವರೇ. ಹೀಗೆ ಒಂದು ಖಾಸಗಿ ಶಿಕ್ಷಣ ಸಂಸ್ಥೆಯ ಅಂಗಳ ಇಡೀ ಬಡಾವಣೆ ಸೇರುವ ಕಟ್ಟೆಯಾಯಿತು.

ಗೌರಿಬಿದನೂರನ್ನು ಮರೆತರೇ? ಖಂಡಿತ ಇಲ್ಲ. ತಾವು ಹುಡುಗರಾಗಿದ್ದಾಗ ಹೈಸ್ಕೂಲೇ ಇಲ್ಲದಿದ್ದ ಆ ಊರಿನಲ್ಲೂ, ಆಚೆಯ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಸಂಸ್ಥೆಯ ಕಾಲೇಜುಗಳು ಏಳುವಂತೆ ಮಾಡಿದರು. ಅದಕ್ಕಾಗಿ ದುಡ್ಡು ಕೂಡಿಸಲು ಓಡಾಡಿದರು, ತಮ್ಮ ಸಂಬಳವನ್ನೂ ಸುರಿದರು. ಇನ್ನು ಮೇಲೆ ಆ ಕಡೆಯ ಯಾವ ಹುಡುಗಿಯೂ ಹುಡುಗನೂ ಓದಲಿಕ್ಕಾಗಿ ಎರಡು ದಿನ ನಡೆಯಬೇಕಾಗಿಲ್ಲ. ನಾರಾಯಣರಾಯರು ಒಬ್ಬನನ್ನು ಕರೆದಿದ್ದರು, ಆ ಒಬ್ಬ ಸಾವಿರಾರು ಮಕ್ಕಳಿಗೆ ಬಾಗಿಲು ತೆಗೆದ. ಮೇಷ್ಟ್ರ ಋಣವನ್ನು ಮೇಷ್ಟ್ರಿಗೇ ತೀರಿಸಲು ಹೋಗದೆ ಮುಂದಿನ ಮಕ್ಕಳಿಗೆ ತೀರಿಸುವ ಈ ಕ್ರಮ ನನಗೆ ಬಹಳ ಪ್ರೀತಿಯದು.

 

ಎಚ್ಚೆನ್ ತಮ್ಮ ಬದುಕಿನ ಕಥೆಯನ್ನು ‘ಹೋರಾಟದ ಹಾದಿ’ ಎಂಬ ಪುಸ್ತಕದಲ್ಲಿ ತಾವೇ ಬರೆದಿದ್ದಾರೆ. ಕನ್ನಡ ಓದುವುದು ಈಗಷ್ಟೇ ಕಲಿಯುತ್ತಿರುವವರು ಅಪ್ಪ ಅಮ್ಮನ ಜೊತೆ ಕೂತು ದಿನಕ್ಕೆ ಒಂದೆರಡು ಪುಟ ಓದಿಸಿಕೊಳ್ಳಿ. ಬೇಸಿಗೆ ರಜೆಗೆ ಬೆಂಗಳೂರಿಗೆ ಹೋಗುವವರು ಜುಲೈ ತಿಂಗಳಲ್ಲಿ ಅಲ್ಲಿದ್ದರೆ ಇನ್ನೂ ಒಳ್ಳೆಯದು, ಸೈನ್ಸ್ ಫೋರಂನ ವಿಜ್ಞಾನ ಉಪನ್ಯಾಸ ಮಾಲೆ ನಡೆಯುವುದು ಆಗಲೇ. ಅಜ್ಜಿ ತಾತನನ್ನೂ ಕರೆದುಕೊಂಡು ಹೋಗಿ. ಯಾವ ಶಾಲೆಯಲ್ಲಿ ಓದಿದರು, ಯಾರ ಮನೆಯಲ್ಲಿ ಉಂಡರು, ಆ ಗೆಳೆಯರು ಈಗ ಎಲ್ಲಿದ್ದಾರೆ ಎಂದು ದಾರಿಯಲ್ಲಿ ಅವರನ್ನು ಕೇಳಿ. ಉತ್ತರ ಉದ್ದವಾಗಿಯೇ ಇರುತ್ತದೆ, ಕಾಲೇಜು ಬಂದುಬಿಟ್ಟರೆ ಗಾಂಧಿ ಬಜಾರಿನ ಕಡೆ ಒಂದು ಸುತ್ತು ಹಾಕಿಕೊಂಡು ಪೂರ್ತಿ ಕೇಳಿಸಿಕೊಳ್ಳಿ. ಕೇಳಿದ್ದನ್ನು ಬರೆದು ನಮಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ನಿಮ್ಮ ಹೆಸರಿನಲ್ಲೇ ಹಾಕುತ್ತೇವೆ. ಕನ್ನಡದಲ್ಲಿ ಬರೆಯಿರಿ, ತಪ್ಪಾದರೆ ತಿದ್ದಿಕೊಡಲು ನಾವಿದ್ದೇವೆ.