ಓದನ್ನೂ ಅಳೆದು ನೋಡಿದ ಎಂಜಿನಿಯರ್

ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕ್ತೀವಿ, ಕನ್ನಂಬಾಡಿ ಕಟ್ಟೆಯ ಕಥೆ ಮತ್ತೊಮ್ಮೆ ಕೇಳ್ತೀವಿ. ಆದರೆ ಕಟ್ಟೆಯ ನೀರು ಅಳೆದ ಹಾಗೇ ಇಡೀ ಮೈಸೂರು ಸಂಸ್ಥಾನದ ಓದನ್ನೂ ಅವರು ಅಳೆದು ನೋಡಿದರು ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಮುದ್ದೇನಹಳ್ಳಿಯ ಈ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1898ರಲ್ಲಿ ಜಪಾನ್ ನೋಡಿ ಬಂದರು. ಅಲ್ಲಿನ ಶಾಲೆಗಳಿಗೂ ಕಾರ್ಖಾನೆಗಳಿಗೂ ಇದ್ದ ನಂಟು ಕೊನೆಯವರೆಗೂ ಅವರ ತಲೆಯಲ್ಲಿ ಉಳಿಯಿತು.

1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. 1911ರ ಜನಗಣತಿಯ ಪ್ರಕಾರ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರರಷ್ಟು ಮಾತ್ರ. ಅದೇ ವರ್ಷ ಶುರುವಾದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಬೇಸಾಯ, ಕೈಗಾರಿಕೆಗಳ ಜೊತೆಗೆ ಶಿಕ್ಷಣಕ್ಕೂ ಒಂದು ಸಮಿತಿ ಇತ್ತು. ಓದನ್ನು ದಾನಧರ್ಮದ ಲೆಕ್ಕಕ್ಕೆ ಸೇರಿಸದೆ ದುಡಿಮೆಯ ಲೆಕ್ಕಕ್ಕೆ ಸೇರಿಸಿದ್ದು ದೊಡ್ಡ ಬದಲಾವಣೆ.

1912ರಲ್ಲಿ ದಿವಾನರಾದ ಮೇಲೆ ಕೆಲಸ ಓಟ ಹಿಡಿಯಿತು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, ಹೆಬ್ಬಾಳದಲ್ಲಿ ಕೃಷಿ ಶಾಲೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಯುವಿಸಿಇ. ಆರು ವರ್ಷದಲ್ಲಿ ಶಾಲೆಗಳು ಸುಮಾರು 4,500ರಿಂದ 10,500ಕ್ಕೆ, ಮಕ್ಕಳು 1,40,000ದಿಂದ 3,66,000ಕ್ಕೆ ಏರಿದರು. ಭಾಗಿಸಿ ನೋಡಿ: ಒಂದು ಶಾಲೆಗೆ ಸರಾಸರಿ 31 ಮಕ್ಕಳಿದ್ದದ್ದು 35 ಆಯ್ತು. ಹೊಸ ಶಾಲೆಗಳು ಬರೀ ಕಾಗದದ ಮೇಲಿನವಲ್ಲ, ಮಕ್ಕಳು ನಿಜವಾಗಿ ಬಂದಿದ್ದಾರೆ.

ಆದರೆ ಎಷ್ಟು ಜನ ಓದಿದರು ಅನ್ನೋ ಲೆಕ್ಕದಲ್ಲಿ, ಓದಿದವರು ಯಾರು, ಕೆಲಸ ಸಿಕ್ಕಿದ್ದು ಯಾರಿಗೆ ಅನ್ನೋದು ಕಾಣಲ್ಲ. ಆಗ ಸರ್ಕಾರಿ ಹುದ್ದೆಗಳಲ್ಲಿ ಹೆಚ್ಚಿನವರು ಬ್ರಾಹ್ಮಣರೇ. ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುವ ದಾರಿ ಹುಡುಕಲು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲು ಅಂತ ನಂಬಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಅವರನ್ನು ಗೌರವಿಸುವ ನಾವು ಈ ಭಾಗವನ್ನು ಹಾರಿಸಿ ಓದಬಾರದು. ಸಮಿತಿ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಅವರ ಲೆಕ್ಕ ಮಾತ್ರ ನಿಲ್ಲಲಿಲ್ಲ. 1920ರಲ್ಲಿ ಬರೆದ ಪುಸ್ತಕದಲ್ಲಿ ಭಾರತವನ್ನು ಜಪಾನ್, ಕೆನಡಾಗಳ ಪಕ್ಕದಲ್ಲಿಟ್ಟು ಅಂಕಿಅಂಶ ಹೋಲಿಸಿದರು. ಎಂಬತ್ತು ದಾಟಿದ ಮೇಲೆ, 1943ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಶುರುವಾಗಲು ಕಾರಣರಾದರು. 1962ರಲ್ಲಿ ತೀರಿಕೊಂಡರು.

ಇವತ್ತು ಕಾಲೇಜನ್ನು ನಾವು ಪ್ಲೇಸ್‌ಮೆಂಟ್ ಪರ್ಸೆಂಟೇಜ್ ನೋಡಿ ಅಳೀತೀವಿ. ತಪ್ಪೇನಿಲ್ಲ. ಮುಂದಿನ ಸಲ ಆ ನಂಬರ್ ನೋಟಿಸ್ ಬೋರ್ಡಿಗೆ ಬಂದಾಗ, ಅದರಲ್ಲಿ ಯಾರನ್ನು ಎಣಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಅಂತಲೂ ಕೇಳೋಣ.